ಮೂರೂ ಕಂಪ್ಯೂಟರಿಗೆ ಇಂಟರ್ನೆಟ್ ಇದೆ, ಒಂದಕ್ಕೊಂದು ಮಾತ್ರ ಕಾಣುತ್ತಿಲ್ಲ. ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿದ್ದೇವೆ, ಫೈಲುಗಳೂ ಅದರಲ್ಲೇ ಇವೆ. ಈಗ ಎರಡು ವಿಂಡೋಸ್ 11 ಕಂಪ್ಯೂಟರ್ ತಂದಿದ್ದೇವೆ. ಮೂರಕ್ಕೂ ಇಂಟರ್ನೆಟ್ ಚೆನ್ನಾಗಿ ಬರುತ್ತದೆ. ಆದರೆ ಹೊಸದರಲ್ಲಿ 'ನೆಟ್‌ವರ್ಕ್' ತೆರೆದರೆ ಯಾವುದೂ ಕಾಣುವುದಿಲ್ಲ. ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿದೆ. ಏನು ಮಾಡಲಿ?

ಉತ್ತರ: ಇಂಟರ್ನೆಟ್ ಬರಲು ಕಂಪ್ಯೂಟರ್ ರೂಟರ್‌ವರೆಗೆ ತಲುಪಿದರೆ ಸಾಕು, ಪಕ್ಕದ ಮೇಜಿನ ಕಂಪ್ಯೂಟರನ್ನು ತಲುಪಬೇಕಿಲ್ಲ. ಹಾಗಾಗಿ ಇಂಟರ್ನೆಟ್ ಬರುತ್ತಿದೆ ಎಂಬುದರಿಂದ ನಿಮ್ಮ ತೊಂದರೆಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ಸೆಟ್ಟಿಂಗ್ಸ್ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹಳೆಯ ಕಂಪ್ಯೂಟರಿನ ಐಪಿ ವಿಳಾಸವನ್ನು (ಜಾಲದಲ್ಲಿ ಅದನ್ನು ಗುರುತಿಸುವ ಅಂಕಿ) ಅದರ ನೆಟ್‌ವರ್ಕ್ ವಿವರಗಳಲ್ಲಿ ನೋಡಿ ಬರೆದುಕೊಳ್ಳಿ. ಅದು 192.168.1.5 ಅಂತಿದ್ದರೆ, ಹೊಸ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ಮೇಲಿನ ವಿಳಾಸದ ಪಟ್ಟಿಯಲ್ಲಿ \\192.168.1.5 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಶೇರ್ ಮಾಡಿದ ಫೋಲ್ಡರ್ ತೆರೆದುಕೊಂಡರೆ, ಅಥವಾ ಯೂಸರ್‌ನೇಮ್ ಪಾಸ್‌ವರ್ಡ್ ಕೇಳಿದರೆ, ನಿಮ್ಮ ನೆಟ್‌ವರ್ಕ್ ಕೆಟ್ಟಿಲ್ಲ. ದಾರಿ ಇದೆ, ಪಟ್ಟಿಯಲ್ಲಿ ಹೆಸರು ಬರುತ್ತಿಲ್ಲ, ಅಷ್ಟೆ. ಇವೆರಡನ್ನೂ ಒಂದೇ ಎಂದುಕೊಂಡು ಎಷ್ಟೋ ಜನ ವಿಂಡೋಸನ್ನೇ ಮತ್ತೆ ಹಾಕಿಸಿಬಿಡುತ್ತಾರೆ.

ಪಟ್ಟಿಯಲ್ಲಿ ಯಾಕೆ ಬರುವುದಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಳೆಯ ವಿಂಡೋಸ್‌ಗಳಲ್ಲಿ 'ಕಂಪ್ಯೂಟರ್ ಬ್ರೌಸರ್' ಎಂಬ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ, ಇತ್ತು. ಜಾಲದಲ್ಲಿರುವ ಯಂತ್ರಗಳು ತಮ್ಮಲ್ಲೇ ಚುನಾವಣೆ ನಡೆಸಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸುತ್ತಿದ್ದವು. ಎಲ್ಲರ ಹೆಸರಿನ ಪಟ್ಟಿ ಅದರ ಬಳಿ ಇರುತ್ತಿತ್ತು. ಈ ಏರ್ಪಾಡು ಫೈಲು, ಪ್ರಿಂಟರ್ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ 1 ಎಂಬ ಹಳೆಯ ವಿಧಾನವನ್ನು ನಂಬಿಕೊಂಡಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಇದೇ ಎಸ್‌ಎಂಬಿ 1ರ ದೋಷ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಹೊಸ ಇನ್‌ಸ್ಟಾಲ್‌ಗಳಲ್ಲಿ ಎಸ್‌ಎಂಬಿ 1 ಹಾಕುವುದನ್ನೇ ನಿಲ್ಲಿಸಿತು. ಅದರೊಂದಿಗೆ ಹಳೆಯ ಪಟ್ಟಿಯೂ ಹೋಯಿತು. 2018ರಲ್ಲಿ ಮನೆಯ ಕಂಪ್ಯೂಟರುಗಳ ನಡುವೆ ಫೈಲು ಹಂಚಿಕೊಳ್ಳಲು ಇದ್ದ ಹೋಮ್‌ಗ್ರೂಪ್ ಕೂಡ ಹೋಯಿತು.

ಈಗ ಪ್ರತಿ ಕಂಪ್ಯೂಟರೂ 'ನಾನಿಲ್ಲಿದ್ದೇನೆ' ಎಂದು ತಾನೇ ಸಾರಬೇಕು. ಆ ಕೆಲಸ 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಎಂಬ ಸರ್ವಿಸ್‌ನದು. ಸಾರುವವನೇ ಸುಮ್ಮನಿದ್ದರೆ ಕೇಳುವವನಿಗೆ ಏನೂ ಕೇಳಿಸದು. ಹಾಗಾಗಿ ಅದನ್ನು ಆನ್ ಮಾಡಬೇಕಾದ್ದು ನೀವು ಕುಳಿತು ಹುಡುಕುತ್ತಿರುವ ಕಂಪ್ಯೂಟರಿನಲ್ಲಿ ಅಲ್ಲ, ಪಟ್ಟಿಯಲ್ಲಿ ಕಾಣಬೇಕಾದ ಕಂಪ್ಯೂಟರಿನಲ್ಲಿ. ಅಲ್ಲಿ ಸರ್ವಿಸಸ್ ತೆರೆದು ಈ ಹೆಸರನ್ನು ಹುಡುಕಿ, ಸ್ಟಾರ್ಟಪ್ ಟೈಪ್ 'ಆಟೋಮ್ಯಾಟಿಕ್' ಮಾಡಿ, ಸ್ಟಾರ್ಟ್ ಒತ್ತಿ.

ಎಸ್‌ಎಂಬಿ 1 ಮತ್ತೆ ಆನ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಮಾಡಬೇಡಿ. ನಿಮ್ಮ ವಿಂಡೋಸ್ 7ಗೆ ಎಸ್‌ಎಂಬಿ 2 ಗೊತ್ತು, ಹಳೆಯದು ಅದಕ್ಕೂ ಬೇಕಿಲ್ಲ. ಎಸ್‌ಎಂಬಿ 1 ಬಿಟ್ಟರೆ ಬೇರೆ ಗತಿಯಿಲ್ಲದ್ದು ಎಕ್ಸ್‌ಪಿಯಂಥ ವಿಂಡೋಸ್‌ಗೆ. ಗಿರಾಕಿಗಳ ಆಧಾರ್ ಪ್ರತಿ, ಮದುವೆ ಕಾರ್ಡು, ಪಹಣಿ ಎಲ್ಲ ಇರುವ ಯಂತ್ರದಲ್ಲಿ ಆ ಬಾಗಿಲು ತೆರೆದಿಡುವುದು ಸರಿಯಲ್ಲ. ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಪೂರ್ತಿ ಆಫ್ ಮಾಡುವುದೂ ಅಷ್ಟೇ ತಪ್ಪು.

ಇನ್ನು \\ ಹಾಕಿ ವಿಳಾಸ ಕೊಟ್ಟರೂ ಏನೂ ತೆರೆಯದಿದ್ದರೆ? ಮೊದಲ ಅನುಮಾನ ನೆಟ್‌ವರ್ಕ್ ಪ್ರೊಫೈಲ್ ಮೇಲೆ. ಹೊಸ ಜಾಲಕ್ಕೆ ಸೇರಿದಾಗ ವಿಂಡೋಸ್ 11 ಅದನ್ನು 'ಪಬ್ಲಿಕ್' ಎಂದೇ ಎಣಿಸುತ್ತದೆ, ಬಸ್ ನಿಲ್ದಾಣದ ವೈಫೈ ಇದ್ದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್‌ಗೆ ಹೋಗಿ 'ಪ್ರೈವೇಟ್' ಮಾಡಿ. ಬಳಿಕ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ವಿಂಡೋಸ್ 7ನಲ್ಲಿ 'ಹೋಮ್' ಅಥವಾ 'ವರ್ಕ್' ಆರಿಸಿದರೆ ಅದೇ ಕೆಲಸ ಆಗುತ್ತದೆ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅದರದೇ ಫೈರ್‌ವಾಲ್ ಇರಬಹುದು, ಅಲ್ಲೂ ಈ ಜಾಲವನ್ನು ನಂಬಿಕೆಯದು ಎಂದು ಗುರುತಿಸಬೇಕು.

ಎರಡನೆಯದು ಅಂಗಡಿಗಳಲ್ಲಿ ನಾನು ಪದೇ ಪದೇ ನೋಡುವ ತೊಂದರೆ. ಫೈಬರ್ ಕಂಪನಿಯವರು ಕೊಟ್ಟ ಡಬ್ಬ ಒಂದು, ಸಿಗ್ನಲ್ ಸಾಲದು ಎಂದು ನಾವೇ ತಂದ ರೂಟರ್ ಇನ್ನೊಂದು. ಒಂದು ಕಂಪ್ಯೂಟರಿನ ವಿಳಾಸ 192.168.1ರಿಂದ, ಇನ್ನೊಂದರದು 192.168.0ರಿಂದ ಶುರುವಾಗಿದ್ದರೆ ಅವೆರಡೂ ಬೇರೆ ಬೇರೆ ಜಾಲದಲ್ಲಿವೆ ಎಂದು ತಿಳಿಯಿರಿ. ಆಗ ಎರಡನೇ ರೂಟರಿನ ಕಡೆಯಿಂದ ಮೊದಲನೆಯದರ ಕಡೆಗೆ ಹೋಗಲು ಬರುತ್ತದೆ, ಆ ಕಡೆಯಿಂದ ಈ ಕಡೆಗೆ ಬರಲು ಆಗುವುದಿಲ್ಲ. ಎರಡನೇ ರೂಟರನ್ನು 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಿದರೆ ಎಲ್ಲವೂ ಒಂದೇ ಜಾಲಕ್ಕೆ ಬರುತ್ತವೆ. ಗೆಸ್ಟ್ ವೈಫೈಗೆ ಸೇರಿದ ಕಂಪ್ಯೂಟರೂ ಉಳಿದವನ್ನು ನೋಡಲಾರದು, ಗೆಸ್ಟ್ ವೈಫೈ ಇರುವುದೇ ಅದಕ್ಕಾಗಿ. ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ, ಕೇಬಲ್ ನೋಡಿ.

ಪಾಸ್‌ವರ್ಡ್ ಕೇಳಿ ಅಲ್ಲೇ ನಿಂತರೆ ಬೇರೆ ಕಥೆ. ನೀವು ದಿನವೂ ಹಾಕುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸೇರಿದ್ದು, ನೆಟ್‌ವರ್ಕ್ ಮೂಲಕ ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಅಕೌಂಟನ್ನೂ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದಿಲ್ಲ. 2024ರ ವಿಂಡೋಸ್ 11 24ಎಚ್2 ಪ್ರೊ ಆವೃತ್ತಿಯಲ್ಲಂತೂ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಬೇರೆ ಯಂತ್ರದ ಫೋಲ್ಡರ್ ತೆರೆಯುವುದನ್ನೂ ತಡೆದಿದ್ದಾರೆ. ಹಳೆಯ ಕಂಪ್ಯೂಟರಿನಲ್ಲಿ 'ಅಂಗಡಿ' ಎಂಬರ್ಥದ ಒಂದು ಅಕೌಂಟ್ ಮಾಡಿ, ಪಾಸ್‌ವರ್ಡ್ ಕೊಡಿ, ಫೋಲ್ಡರನ್ನು ಅದಕ್ಕೆ ಶೇರ್ ಮಾಡಿ. ಹೊಸ ಎರಡರಲ್ಲೂ ಅದೇ ಹೆಸರು, ಪಾಸ್‌ವರ್ಡ್ ಕೊಟ್ಟು 'ನೆನಪಿಟ್ಟುಕೋ' ಎಂಬಲ್ಲಿ ಟಿಕ್ ಹಾಕಿ.

ಕೊನೆಗೆ ಆ ಫೋಲ್ಡರನ್ನು 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಮಾಡಿ ಒಂದು ಡ್ರೈವ್ ಅಕ್ಷರ ಕೊಟ್ಟುಬಿಡಿ. ರೂಟರಿನಲ್ಲಿ ಹಳೆಯ ಕಂಪ್ಯೂಟರಿಗೆ ಒಂದೇ ವಿಳಾಸವನ್ನು ಕಾಯ್ದಿರಿಸಿದರೆ ಕರೆಂಟ್ ಹೋಗಿ ಬಂದ ಮೇಲೂ ಅದು ಬದಲಾಗುವುದಿಲ್ಲ. ಆಮೇಲೆ 'ನೆಟ್‌ವರ್ಕ್' ಪಟ್ಟಿ ಖಾಲಿ ಇದ್ದರೂ ನಿಮ್ಮ ಫೈಲು ಸಿಗುತ್ತದೆ, ಪ್ರಿಂಟರನ್ನೂ ಹೀಗೆಯೇ ಶೇರ್ ಮಾಡಿಕೊಂಡಿದ್ದರೆ ಪ್ರಿಂಟೂ ಬರುತ್ತದೆ.