ಸರ್ಕಲ್‌ನಲ್ಲಿ ಮೊದಲು ಹೋಗಬೇಕಾದವರು ಯಾರು?

ಸಂಜೆ ಆರರ ಹೊತ್ತಿಗೆ ಶಿವಮೊಗ್ಗದ ಯಾವುದಾದರೂ ಸರ್ಕಲ್‌ನಲ್ಲಿ ಸಿಗ್ನಲ್ ಕೈಕೊಟ್ಟರೆ ನಾಲ್ಕೂ ದಿಕ್ಕಿನವರು ಹೇಳುವುದು ಒಂದೇ ಮಾತು: ‘ನಾನು ನೇರ ಹೋಗ್ತಿದ್ದೆ, ಅವನೇ ನುಗ್ಗಿದ್ದು.’ ನೇರ ಹೋಗುವವರದೇ ಮೊದಲ ಹಕ್ಕು ಎಂದು ಕೆಲವರು ನಂಬಿದ್ದಾರೆ. ದೊಡ್ಡ ರಸ್ತೆಯವರದು ಎಂಬುದು ಇನ್ನು ಕೆಲವರ ವಾದ. ಮೊದಲು ಹಾರನ್ ಹೊಡೆದವರದು ಎಂಬುದಕ್ಕೆ ಮಾತ್ರ ಬಹುಮತವಿದೆ. ಅಮೀರ್ ಅಹಮದ್ ಸರ್ಕಲ್‌ಗೆ ಬಿ.ಎಚ್. ರಸ್ತೆಯಲ್ಲಿ ಬರುವ ಬಸ್ಸಿಗೆ ಹೆದ್ದಾರಿಯ ಗತ್ತು. ನೆಹರೂ ರಸ್ತೆ ಕಡೆಯ ಸ್ಕೂಟರಿಗೆ ಸಂದು ಸಿಕ್ಕರೆ ಸಾಕು. ನಡುವೆ ಆಟೋದವರು ಮುಂದಿನ ಚಕ್ರವನ್ನು ಒಂದಿಷ್ಟು ತೂರಿಸಿಟ್ಟು ಆಚೆ ನೋಡುತ್ತಾ ಕೂರುತ್ತಾರೆ.

ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. ನಿಮ್ಮ ಬಲಗಡೆಯಿಂದ ಬರುವವರನ್ನು ಮೊದಲು ಬಿಡಬೇಕು, ಅಷ್ಟೆ. ಇಷ್ಟು ಸರಳವಾದದ್ದು ಇಷ್ಟು ಗೋಜಲಾದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ 1905ರಲ್ಲಿ, ಪ್ಯಾರಿಸ್ಸಿನಲ್ಲಿ 1907ರಲ್ಲಿ, ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ 1909ರಲ್ಲಿ ವಾಹನಗಳು ವೃತ್ತ ಸುತ್ತಲು ಶುರುಮಾಡಿದವು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತಬೇಕು ಎಂಬುದು ಇತ್ಯರ್ಥವಾಯಿತು, ಯಾರು ಯಾರಿಗೆ ನಿಲ್ಲಬೇಕು ಎಂಬುದು ಆಗಲಿಲ್ಲ. ವಾಹನ ಹೆಚ್ಚಿದಂತೆ ಸರ್ಕಲ್‌ಗಳು ಗಂಟುಬಿದ್ದವು. ಕಾರಣ ಸುಲಭ. ಹೊರಗಿನಿಂದ ಬರುವವರು ತಡೆಯಿಲ್ಲದೆ ಒಳಗೆ ಬಂದರೆ, ಒಳಗಿದ್ದವರು ಅವರಿಗಾಗಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರ ಹಿಂದೆ ಇನ್ನೊಂದು ರಸ್ತೆಗೆ ಹೊರಬೀಳಬೇಕಾದವರು ಸಿಕ್ಕಿಕೊಳ್ಳುತ್ತಾರೆ. ಎರಡು ನಿಮಿಷದಲ್ಲಿ ವೃತ್ತ ತುಂಬಿ ಯಾರೂ ಅಲುಗಾಡುವುದಿಲ್ಲ. ಬ್ರಿಟನ್ 1966ರ ನವೆಂಬರ್‌ನಲ್ಲಿ ನಿಯಮ ಮಾಡಿತು: ಒಳಗೆ ಸುತ್ತುತ್ತಿರುವವರು ಮೊದಲು, ಒಳಬರುವವರು ಕಾಯಬೇಕು. ಬಲಗಡೆ ವಾಹನ ಓಡಿಸುವ ಫ್ರಾನ್ಸಿನಲ್ಲಿ ‘ಬಲಗಡೆಯವರಿಗೆ ದಾರಿ’ ಎಂಬ ಹಳೆಯ ಪದ್ಧತಿಯೇ ಒಳನುಗ್ಗುವವರಿಗೆ ಹಕ್ಕು ಕೊಡುತ್ತಿತ್ತು. ಅದನ್ನು ಬದಲಿಸಲು 1980ರ ದಶಕ ಬರಬೇಕಾಯಿತು.

ನಮ್ಮದು ಅದೃಷ್ಟದ ಕಥೆ. 1939ರ ಮೋಟಾರು ವಾಹನ ಕಾಯ್ದೆಯ ಹತ್ತನೇ ಅನುಸೂಚಿಯಲ್ಲೇ ಒಂದು ವಾಕ್ಯವಿತ್ತು: ಮುಖ್ಯ ರಸ್ತೆ ಎಂದು ಗುರುತಿಸಿದ ರಸ್ತೆಯನ್ನು ಸೇರುವಾಗ ಅಲ್ಲಿನವರಿಗೆ, ಉಳಿದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಾವು ಎಡಗಡೆ ಓಡಿಸುವವರು, ಸರ್ಕಲನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುವವರು. ಹಾಗಾಗಿ ಸರ್ಕಲ್‌ಗೆ ಇಳಿಯುವ ಚಾಲಕನ ಬಲಗಡೆಯಿಂದ ಬರುವುದು ಆಗಲೇ ಸುತ್ತುತ್ತಿರುವ ವಾಹನವೇ. ಬೇರೆ ದೇಶಗಳು ಪ್ರಯೋಗ ಮಾಡಿ ಕಂಡುಕೊಂಡದ್ದು ನಮಗೆ ಕೂತಲ್ಲೇ ಸಿಕ್ಕಿತ್ತು. 1989ರ ರಸ್ತೆ ನಿಯಮಗಳಿಗೂ ಆ ವಾಕ್ಯ ಬಂತು. 2017ರ ಜೂನ್‌ನಲ್ಲಿ ಬಂದ ಚಾಲನಾ ನಿಯಮಾವಳಿ ಸರ್ಕಲ್ ವಿಷಯವನ್ನು ಬಿಡಿಸಿಯೇ ಹೇಳಿತು.

ಎಡವಟ್ಟಾದದ್ದು ರಸ್ತೆ ಕಟ್ಟುವ ಕಡೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ 1976ರಲ್ಲಿ ಸರ್ಕಲ್‌ಗಳಿಗೆಂದೇ ಮಾರ್ಗಸೂಚಿ ತಂದಿತು. ವಾಹನಗಳು ಒಳಬಂದು, ಪಕ್ಕದವರೊಂದಿಗೆ ಹೆಣೆದುಕೊಂಡು, ಜಾಗ ಬದಲಿಸಿ ಹೊರಹೋಗಬೇಕು ಎಂಬುದು ಅದರ ಲೆಕ್ಕಾಚಾರ. ಎಲ್ಲ ರಸ್ತೆಗಳಿಂದ ಸೇರಿ ಗಂಟೆಗೆ 3000 ವಾಹನಗಳವರೆಗೆ ಇದು ನಡೆದೀತು ಎಂದೂ ಹೇಳಿತ್ತು. ಹಾಗೆ ಹೆಣೆದುಕೊಳ್ಳಲು ಉದ್ದನೆಯ ಜಾಗ ಬೇಕು, ದೊಡ್ಡ ಕಟ್ಟೆ ಬೇಕು. ಪೇಟೆಯ ನಡುವೆ ಅಂಥ ಜಾಗ ಎಲ್ಲಿಂದ ಬರಬೇಕು? ಸಿಕ್ಕಷ್ಟರಲ್ಲಿ ಒಂದು ಗುಂಡು ಕಟ್ಟೆ ಕಟ್ಟಿದರು. ಒಳಬರುವಲ್ಲಿ ಇರಬೇಕಾದ ‘ದಾರಿ ಬಿಡಿ’ ಎನ್ನುವ ತಲೆಕೆಳಗಾದ ತ್ರಿಕೋನದ ಫಲಕವನ್ನೂ, ರಸ್ತೆ ಮೇಲಿನ ತುಂಡು ಬಿಳಿ ಗೆರೆಗಳನ್ನೂ ಎಷ್ಟು ಜನ ಕಂಡಿದ್ದಾರೋ. ಮುಖ್ಯ ರಸ್ತೆ ಯಾವುದೆಂದು ಬೋರ್ಡ್ ಹಾಕಿ ಹೇಳಿದ್ದೂ ಅಪರೂಪ. ಹೀಗಾಗಿ ಅಗಲವಾದದ್ದೇ ಮುಖ್ಯ ರಸ್ತೆ ಎಂದು ಜನರೇ ತೀರ್ಮಾನಿಸಿಕೊಂಡರು.

ಆಮೇಲೆ ಕಟ್ಟೆಗೆ ಬೇರೆ ಕೆಲಸಗಳು ಹತ್ತಿಕೊಂಡವು. ಪ್ರತಿಮೆ ಬಂತು, ಕಾರಂಜಿ ಬಂತು, ಹೈಮಾಸ್ಟ್ ದೀಪ ಬಂತು. ಹಬ್ಬ ಬಂದರೆ, ಚುನಾವಣೆ ಬಂದರೆ, ಯಾರದಾದರೂ ಹುಟ್ಟುಹಬ್ಬ ಬಂದರೆ ಫ್ಲೆಕ್ಸ್. ಪ್ರತಿಮೆಗಳ ಬಗ್ಗೆ ತಕರಾರಿಲ್ಲ, ಶಿವಪ್ಪ ನಾಯಕನಿಗೆ ಈ ಊರಿನಲ್ಲಿ ಜಾಗ ಇರಲೇಬೇಕು. ಆದರೆ ಬೈಕ್ ಸವಾರನ ಕಣ್ಣಿನ ಎತ್ತರದಲ್ಲಿ ಫ್ಲೆಕ್ಸ್ ನಿಂತರೆ ಬಲಗಡೆಯಿಂದ ಸುತ್ತಿಕೊಂಡು ಬರುವ ಕಾರು ಕಾಣುವುದು ಅದು ಮೈಮೇಲೆ ಬಂದ ಮೇಲೆಯೇ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟೆಯ ಗಿಡಗಳೂ ತಿಂಗಳೊಪ್ಪತ್ತಿನಲ್ಲಿ ಆಳೆತ್ತರಕ್ಕೆ ಬೆಳೆದು ನಿಲ್ಲುತ್ತವೆ. ನೋಡಲಾಗದವರಿಗೆ ದಾರಿ ಬಿಡಿ ಎಂದರೆ ಬಿಡುವುದು ಹೇಗೆ?

ಗಂಟು ಬಿಗಿಯಾದಾಗ ಸಿಕ್ಕ ಪರಿಹಾರ ಸಿಗ್ನಲ್. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಮುಂದೆ ಜಂಕ್ಷನ್‌ಗಳಿಗೆ ಕ್ಯಾಮೆರಾಗಳೂ ಬಂದವು. ಸಿಗ್ನಲ್ ಬೇಡವೆನ್ನಲಾಗದು. ದಟ್ಟಣೆ ಮಿತಿ ಮೀರಿದ ಕಡೆ ಬೇರೆ ದಾರಿಯೂ ಇಲ್ಲ. ಆದರೆ ಬಲಗಡೆ ನೋಡಿ ನಿಧಾನಿಸುವ ಅಭ್ಯಾಸ ಇದ್ದಷ್ಟೂ ಹೋಯಿತು. ಹಸಿರು ಬಂದರೆ ಹೋಗುವುದು, ದೀಪ ಇಲ್ಲದಿದ್ದರೆ ನುಗ್ಗುವುದು. ರಾತ್ರಿ ಹಳದಿ ಮಿನುಗುವಾಗ ಬಲಗಡೆಯವರಿಗೆ ಬಿಡುವ ನಿಯಮ ಮತ್ತೆ ಜಾರಿಗೆ ಬರುತ್ತದೆ ಎಂದರೆ ನಗುವವರೇ ಹೆಚ್ಚು.

ಜನರಿಗೆ ತಾಳ್ಮೆಯಿಲ್ಲ ಎಂದು ಬೈದು ಮುಗಿಸುವುದು ಸುಲಭ. ಆದರೆ ಅದೇ ಚಾಲಕರನ್ನು ಆಗುಂಬೆ ಘಾಟಿಯಲ್ಲಿ ನೋಡಬೇಕು. ಕಿರಿದಾದ, ಕಡಿದಾದ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದೂ ಅದೇ 1989ರ ನಿಯಮಗಳಲ್ಲೇ ಇತ್ತು. ಸೋಮೇಶ್ವರ ಕಡೆಯಿಂದ ಮಿನಿಬಸ್ಸು ಏದುಸಿರು ಬಿಡುತ್ತಾ ತಿರುವಿಗೆ ಬಂದರೆ, ಮೇಲಿನಿಂದ ಇಳಿಯುವ ಕಾರಿನವರು ತಾವಾಗಿಯೇ ಬದಿಗೆ ನಿಲ್ಲುತ್ತಾರೆ, ಬೇಕಾದರೆ ರಿವರ್ಸ್ ತೆಗೆದುಕೊಳ್ಳುತ್ತಾರೆ. ಪೊಲೀಸರಿಲ್ಲ, ಕ್ಯಾಮೆರಾ ಇಲ್ಲ. ಹತ್ತುವ ಬಸ್ಸು ತಿರುವಿನಲ್ಲಿ ನಿಂತುಬಿಟ್ಟರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಸರಿದರೆ ಎಲ್ಲರಿಗೂ ಅಪಾಯ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರದ ತೋಟದ ರಸ್ತೆಗಳಲ್ಲೂ ಹಾಗೆಯೇ. ಎದುರಿಗೆ ಜೀಪು ಬಂದರೆ ಯಾರ ಹಿಂದೆ ಅಗಲ ಜಾಗವಿದೆಯೋ ಅವರು ಹಿಂದಕ್ಕೆ ಹೋಗುತ್ತಾರೆ, ದಾಟುವಾಗ ಒಂದು ಕೈ ಎತ್ತುವುದೂ ಉಂಟು. ಆ ಕಾರು ಶಿವಮೊಗ್ಗ ತಲುಪಿದ ಮೇಲೆ ಈ ಸೌಜನ್ಯ ಎಲ್ಲಿ ಇಳಿದುಹೋಗುತ್ತದೋ!

ದಂಡವೂ ಇಲ್ಲದಿಲ್ಲ. 2019ರ ತಿದ್ದುಪಡಿಯ 177ಎ ಕಲಂ ಪ್ರಕಾರ ಚಾಲನಾ ನಿಯಮ ಮುರಿದರೆ 500ರಿಂದ 1000 ರೂಪಾಯಿ. ಆದರೆ ಹೆಲ್ಮೆಟ್ ಹಾಕದ ತಲೆಯನ್ನು, ಕೆಂಪು ದೀಪ ದಾಟಿದ ನಂಬರ್ ಪ್ಲೇಟನ್ನು ಹಿಡಿದಷ್ಟು ಸುಲಭವಲ್ಲ, ದಾರಿ ಬಿಡದವರನ್ನು ಹಿಡಿಯುವುದು. ಯಾರು ಯಾರಿಗೆ ಬಿಡಬೇಕಿತ್ತು ಎಂದು ಫೋಟೋದಲ್ಲಿ ತೋರಿಸಲು ನೆಲದ ಮೇಲೆ ಗೆರೆಯಾದರೂ ಇರಬೇಕಲ್ಲ.

ಇನ್ನು ಕಲಿಕೆ. ಬಲಗಡೆಯವರಿಗೆ ದಾರಿ ಬಿಡಬೇಕು ಎಂಬ ಉತ್ತರವನ್ನು ಎಲ್‌ಎಲ್ (ಕಲಿಕಾ ಲೈಸೆನ್ಸ್) ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಕಂಪ್ಯೂಟರ್ ಮುಂದೆ ಟಿಕ್ ಹಾಕಿ ಬರುತ್ತೇವೆ. ತಿಂಗಳು ಕಳೆದು ಬೈಕಿನಲ್ಲಿ ಕಾಲೂರದೆ 8 ಹಾಕಿದರೆ ಲೈಸೆನ್ಸ್ ಮನೆಗೆ ಬರುತ್ತದೆ. ಆ 8ರ ಮೈದಾನದಲ್ಲಿ ಬಲಗಡೆಯಿಂದ ಯಾವ ವಾಹನವೂ ಬರುವುದಿಲ್ಲ.