ಆಪ್ಟಿಕಲ್ಲೋ, ಆರು ವಯರೋ?

ಓದುಗರ ಪ್ರಶ್ನೆ: "ಸಾರ್, ನಮ್ಮದು ತೀರ್ಥಹಳ್ಳಿ ಹತ್ರ. ಮನೇಲಿ ಹಳೇ 5.1 ರಿಸೀವರ್ ಇದೆ. ಈಗ ಒಂದು ಬ್ಲೂ-ರೇ ಪ್ಲೇಯರ್ ಸಿಕ್ಕಿದೆ. ಅದರ ಹಿಂದೆ ಆಪ್ಟಿಕಲ್ ತೂತೂ ಇದೆ, ಆರು ಎವಿ ಪಿನ್ನೂ ಇದೆ, ಹೆಚ್‌ಡಿಎಂಐಯೂ ಇದೆ. ಶಿವಮೊಗ್ಗದ ಅಂಗಡಿಯವ್ರು 'ಆಪ್ಟಿಕಲ್ಲೇ ಹಾಕಿ, ಅದು ಲೈಟಲ್ಲಿ ಹೋಗೋದು, ಪ್ಯೂರ್ ಡಿಜಿಟಲ್' ಅಂದ್ರು. ಯಾವುದು ಹಾಕ್ಲಿ?"

ಇದೇ ಪ್ರಶ್ನೆ ಸಾಗರದಿಂದ ಬಂದರೆ ಪ್ಲೇಯರಿನ ಜಾಗದಲ್ಲಿ ಡಿಶ್ ಬಾಕ್ಸ್ ಇರುತ್ತದೆ, ಕೊಪ್ಪದಿಂದ ಬಂದರೆ ರಿಸೀವರಿನ ಜಾಗದಲ್ಲಿ ಅಸೆಂಬಲ್ ಮಾಡಿಸಿದ ಆಂಪ್ಲಿಫೈಯರ್. "ಲೈಟಲ್ಲಿ ಹೋಗೋದು" ಎಂಬ ಮಾತು ಮಾತ್ರ ಎಲ್ಲ ಕಡೆಯಿಂದಲೂ ತಪ್ಪದೆ ಬರುತ್ತದೆ. 5.1 ಎಂದರೆ ಐದು ಸ್ಪೀಕರ್, ತಗ್ಗು ಸ್ವರದ ಬೇಸ್ ನುಡಿಸಲು ಒಂದು ಸಬ್‌ವೂಫರ್; ಈ ಆರಕ್ಕೂ ಧ್ವನಿ ಹಂಚುವ ಪೆಟ್ಟಿಗೆಯೇ ರಿಸೀವರ್. ಉತ್ತರ ಮೊದಲು ಹೇಳಿಬಿಡುತ್ತೇನೆ, ಜಗಳ ಆಮೇಲೆ.

ರಿಸೀವರಿನಲ್ಲಿ ಹೆಚ್‌ಡಿಎಂಐ ಇನ್‌ಪುಟ್ ಇದ್ದು ಅದು ಧ್ವನಿಯನ್ನೂ ತೆಗೆದುಕೊಳ್ಳುವುದಾದರೆ ಕಣ್ಣು ಮುಚ್ಚಿ ಅದನ್ನೇ ಹಾಕಿ. ಮೊದಮೊದಲ ಕೆಲವು ರಿಸೀವರ್‌ಗಳ ಹೆಚ್‌ಡಿಎಂಐ ಚಿತ್ರವನ್ನು ಟಿವಿಗೆ ದಾಟಿಸುತ್ತದೆ ಅಷ್ಟೆ, ಧ್ವನಿಯನ್ನು ಮುಟ್ಟುವುದಿಲ್ಲ, ಮ್ಯಾನ್ಯುವಲ್ ನೋಡಿಕೊಳ್ಳಿ. ಹೆಚ್‌ಡಿಎಂಐ ಇಲ್ಲ, ಆದರೆ ಆರು ಅನಲಾಗ್ ಇನ್‌ಪುಟ್ ಇದೆ, ಹಾಕುವುದು ಬ್ಲೂ-ರೇ ಡಿಸ್ಕು ಎಂದಾದರೆ ಆರು ವಯರ್ ಹಾಕಿ. ತೀರ್ಥಹಳ್ಳಿಯವರೇ, ನಿಮ್ಮ ರಿಸೀವರ್ ಈ ಜಾತಿಯದ್ದಿರಬೇಕು. ಇನ್ನು ಡಿವಿಡಿ, ಡಿಶ್ಶು, ಟಿವಿ ಇಷ್ಟೇ ಆದರೆ ಆಪ್ಟಿಕಲ್ಲೋ ಕೋಆಕ್ಸಿಯಲ್ಲೋ (ಡಿಜಿಟಲ್ ಧ್ವನಿಯನ್ನೇ ತಾಮ್ರದಲ್ಲಿ ಒಯ್ಯುವ ಒಂಟಿ ವಯರ್) ಯಾವುದು ಕೈಗೆ ಸಿಕ್ಕಿತೋ ಅದು ಸಾಕು.

ಡಿಜಿಟಲ್ಲೋ ಅನಲಾಗೋ ಎಂದು ಕೇಳುವಾಗಲೇ ಒಂದು ಎಡವಟ್ಟಿದೆ. ಸ್ಪೀಕರ್ ಅನಲಾಗ್, ಕಿವಿಯೂ ಅನಲಾಗ್. ಡಿಸ್ಕಿನ ಮೇಲಿನ ಅಂಕಿಗಳು ಎಲ್ಲೋ ಒಂದು ಕಡೆ ವಿದ್ಯುತ್ತಿನ ಅಲೆಯಾಗಲೇಬೇಕು. ಪ್ಲೇಯರಿನೊಳಗೆ ಆಗಬೇಕೋ ರಿಸೀವರಿನೊಳಗೆ ಆಗಬೇಕೋ, ನೀವು ಆರಿಸುತ್ತಿರುವುದು ಅಷ್ಟನ್ನೇ. ಆಪ್ಟಿಕಲ್, ಕೋಆಕ್ಸಿಯಲ್, ಹೆಚ್‌ಡಿಎಂಐ ಹಾಕಿದರೆ ಆ ಕೆಲಸ ರಿಸೀವರಿಗೆ. ಆರು ವಯರ್ ಹಾಕಿದರೆ ಪ್ಲೇಯರಿಗೆ. ಯಾವ ಪೆಟ್ಟಿಗೆ ಅದನ್ನು ಚೆನ್ನಾಗಿ ಮಾಡುತ್ತದೆ, ಮತ್ತು ನಡುವಿನ ದಾರಿಯಲ್ಲಿ ಎಷ್ಟು ಸರಕು ಹಿಡಿಸುತ್ತದೆ? ಇವೆರಡನ್ನು ನೋಡಿದರೆ ಸಾಕು.

ಈಗ ಆ ಬೆಳಕಿನ ವಿಷಯ.

ಆಪ್ಟಿಕಲ್ ವಯರನ್ನು ತಂದದ್ದು 1983ರಲ್ಲಿ ತೋಷಿಬಾ. ಅದಕ್ಕೇ ಅದರ ಹೆಸರು ಟಾಸ್‌ಲಿಂಕ್. ಒಳಗಿರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಒಂದು ತುದಿಯಲ್ಲಿ ಕೆಂಪು ಎಲ್‌ಇಡಿ. ಪ್ಲೇಯರಿನಲ್ಲಿ ವಿದ್ಯುತ್ ರೂಪದಲ್ಲಿ ಇರುವ ಬಿಟ್‌ಗಳಿಗೆ, ಅಂದರೆ ಸೊನ್ನೆ-ಒಂದುಗಳಿಗೆ, ತಕ್ಕಂತೆ ಆ ದೀಪ ಹತ್ತಿ ಆರುತ್ತದೆ, ರಿಸೀವರಿನಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಪಕ್ಕದ ಕೋಆಕ್ಸಿಯಲ್ ಪಿನ್ನಿನಲ್ಲಿ ಹೋಗುವುದೂ ಅವೇ ಬಿಟ್‌ಗಳು, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಗೊರಬಲು ಅಡಿಕೆಯನ್ನು ಟೆಂಪೋದಲ್ಲಿ ಕಳಿಸಿ, ಕಾರಿನ ಡಿಕ್ಕಿಯಲ್ಲಿ ಕಳಿಸಿ, ಮಂಡಿಯಲ್ಲಿ ಚೀಲ ಬಿಚ್ಚಿದಾಗ ಗೊರಬಲೇ. ಗಾಡಿ ಒಳ್ಳೆಯದು ಎಂದು ಯಾರೂ ಸರಕಿಗೆ ಹೆಚ್ಚು ರೇಟು ಕೊಡುವುದಿಲ್ಲ.

"ಬೆಳಕು ಫಾಸ್ಟ್ ಅಲ್ವಾ ಸಾರ್?" ಇದು ಮುಂದಿನ ಬಾಣ. ಬೆಳಕು ಫಾಸ್ಟು ಹೌದು, ಶೂನ್ಯದಲ್ಲಿ. ಪ್ಲಾಸ್ಟಿಕ್ಕಿನೊಳಗೆ ಅದರ ವೇಗ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮಾಮೂಲಿ ಕೋಆಕ್ಸಿಯಲ್ ತಾಮ್ರದ ವಯರಿನಲ್ಲಿ ವಿದ್ಯುತ್ ಸಂಕೇತದ ವೇಗ ಎಷ್ಟು ಗೊತ್ತೇ? ಅದೂ ಹೆಚ್ಚುಕಡಿಮೆ ಅಷ್ಟೇ. ಎರಡು ಮೀಟರ್ ದಾಟಲು ಇಬ್ಬರಿಗೂ ಒಂದು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು ಬೇಕು. ಸ್ಪೀಕರಿನಿಂದ ನಿಮ್ಮ ಕಿವಿಗೆ ಗಾಳಿಯಲ್ಲಿ ಒಂದು ಮೀಟರ್ ಬರಲು ಶಬ್ದಕ್ಕೆ ಮೂರು ಮಿಲಿಸೆಕೆಂಡ್ ಹಿಡಿಯುತ್ತದೆ. ಕುರ್ಚಿಯನ್ನು ಒಂದಂಗುಲ ಸರಿಸಿದರೆ ಆಗುವ ವ್ಯತ್ಯಾಸದ ಮುಂದೆ ಈ ವೇಗದ ಮಾತಿಗೆ ಅರ್ಥವೇ ಇಲ್ಲ.

"ಕ್ಲಿಯರ್ ಬರುತ್ತೆ" ಎನ್ನುವವರಿಗೆ ಇನ್ನೊಂದು ಮಾತು. ಡಿಜಿಟಲ್ ವಯರ್ ಹಾಳಾದರೆ ಧ್ವನಿ ಮಂಕಾಗುವುದಿಲ್ಲ, ಬೇಸ್ ಕಡಿಮೆಯಾಗುವುದಿಲ್ಲ. ಟಕ್ ಟಕ್ ಎಂದು ತುಂಡಾಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಿಟ್ಟರ್ ಎಂದು ಓದಿಕೊಂಡು ಬಂದವರೂ ಇದ್ದಾರೆ: ಬಿಟ್‌ಗಳು ಸರಿಯಿದ್ದರೂ ಬರುವ ಸಮಯದಲ್ಲಿ ಕೂದಲೆಳೆಯ ಏರುಪೇರು. ಸ್ವಾಮಿ, ಆ ಏರುಪೇರು ಸಾಮಾನ್ಯವಾಗಿ ತಾಮ್ರಕ್ಕಿಂತ ಈ ಅಗ್ಗದ ಆಪ್ಟಿಕಲ್ಲಿನಲ್ಲೇ ಹೆಚ್ಚು! ರಿಸೀವರ್ ತನ್ನ ಗಡಿಯಾರಕ್ಕೆ ಹೊಂದಿಸಿಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ಇದರ ಮೇಲೆ ಚಿನ್ನದ ಲೇಪದ ಆಪ್ಟಿಕಲ್ ಪ್ಲಗ್ ಬೇರೆ ಮಾರುತ್ತಾರೆ. ಚಿನ್ನ ಹಚ್ಚುವುದು ಲೋಹಕ್ಕೆ ಕಿಲುಬು ಹಿಡಿಯದಿರಲಿ, ಕರೆಂಟು ಸರಾಗ ದಾಟಲಿ ಎಂದು. ಕರೆಂಟೇ ದಾಟದ ಕಡೆ ಚಿನ್ನಕ್ಕೆ ಎಂತ ಕೆಲಸ ಮಾರಾಯ್ರೆ?

ಇವಿಷ್ಟೂ ಬದಿಗಿರಲಿ, ಆಪ್ಟಿಕಲ್ಲಿನ ನಿಜವಾದ ಬಡತನ ಅದರ ಅಗಲದಲ್ಲಿದೆ. ಈ ದಾರಿಯನ್ನು ಮಾಡಿದ್ದು ಸಿಡಿಯ ಎರಡು ಚಾನೆಲ್‌ಗಾಗಿ, ಅಂದರೆ ಎಡ ಬಲ ಸ್ಪೀಕರಿನ ಎರಡು ಧ್ವನಿಗಾಗಿ. 48 ಕಿಲೋಹರ್ಟ್ಸ್‌ನಲ್ಲಿ (ಧ್ವನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದಾಗ) ಇದರಲ್ಲಿ ಸೆಕೆಂಡಿಗೆ ಹೋಗುವುದು ಒಟ್ಟು 30.72 ಲಕ್ಷ ಬಿಟ್. ಆರು ಚಾನೆಲ್‌ಗಳನ್ನು, ಒಂದೊಂದು ಅಳತೆಗೆ 24 ಬಿಟ್‌ನಂತೆ, ಹಿಂಡದೆ (ಕಂಪ್ರೆಸ್ ಮಾಡದೆ) ಕಳಿಸಬೇಕೆಂದರೆ ಸೆಕೆಂಡಿಗೆ 69 ಲಕ್ಷ ಬಿಟ್ ಬೇಕು. ಹಿಡಿಸುವುದಿಲ್ಲ. ಆದ್ದರಿಂದ ಆಪ್ಟಿಕಲ್ಲಿನಲ್ಲಿ 5.1 ಬರುವುದೆಲ್ಲ ಹಿಂಡಿದ್ದೇ. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಎಂದರೆ ಹೆಚ್ಚೆಂದರೆ ಸೆಕೆಂಡಿಗೆ 4.48 ಲಕ್ಷ ಬಿಟ್. ಸಿಡಿ ಎರಡೇ ಚಾನೆಲ್‌ಗೆ 14.11 ಲಕ್ಷ ಬಳಸುತ್ತದೆ. ಅಂದರೆ "ಪ್ಯೂರ್ ಡಿಜಿಟಲ್" ಎಂದು ಅಂಗಡಿಯವರು ಹೊಗಳಿದ ಆ ಆರು ಚಾನೆಲ್ಲೂ ಸೇರಿ ಮಾಮೂಲಿ ಸಿಡಿಯ ಮೂರನೇ ಒಂದು ಪಾಲೂ ಇಲ್ಲ. ಕೇಳಲು ಚೆನ್ನಾಗಿಯೇ ಇರುತ್ತದೆ, ಅದು ಡಾಲ್ಬಿಯವರ ಜಾಣತನ. ಬೆಳಕಿನ ಪುಣ್ಯವಲ್ಲ.

ಬ್ಲೂ-ರೇ ಡಿಸ್ಕಿನಲ್ಲಿ ಏನನ್ನೂ ಕಳೆದುಕೊಳ್ಳದ ಟ್ರೂ-ಹೆಚ್‌ಡಿ, ಡಿಟಿಎಸ್-ಹೆಚ್‌ಡಿ ಮಾಸ್ಟರ್ ಆಡಿಯೋ ಧ್ವನಿ ಇರಬಹುದು. ಆಪ್ಟಿಕಲ್ ಹಾಕಿದಿರೋ, ಪ್ಲೇಯರ್ ಅದನ್ನು ಬಿಟ್ಟು ಜೊತೆಗಿರುವ ಸಣ್ಣ ಡಾಲ್ಬಿಯನ್ನೋ ಮಾಮೂಲಿ ಡಿಟಿಎಸ್ಸನ್ನೋ ಕಳಿಸುತ್ತದೆ. ಅನಲಾಗ್ ಔಟ್ ಇರುವ ಪ್ಲೇಯರಾದರೆ ದೊಡ್ಡದನ್ನು ತನ್ನೊಳಗೇ ಬಿಡಿಸಿ ಆರು ಪಿನ್ನಿಗೆ ಕೊಡಬಲ್ಲದು. ಇಲ್ಲಿ ಹಳೆಯದೆಂದು ನೀವು ಮೂಗು ಮುರಿಯುವ ವಯರೇ ಗೆಲ್ಲುತ್ತದೆ. ಇದೇನು ಹೊಸ ಕಥೆಯೂ ಅಲ್ಲ. 1999ರಲ್ಲಿ ಸೂಪರ್ ಆಡಿಯೋ ಸಿಡಿ ಬಂತು, ಮರುವರ್ಷ ಡಿವಿಡಿ-ಆಡಿಯೋ. ನಕಲಾದೀತೆಂಬ ಭಯಕ್ಕೆ ಅವುಗಳ ಪೂರ್ಣ ಗುಣಮಟ್ಟದ ಧ್ವನಿಯನ್ನು ಆಪ್ಟಿಕಲ್ಲಿನಲ್ಲಿ ಹೊರಗೆ ಬಿಡಲಿಲ್ಲ. ಆ ಕಾಲದ ಅತ್ಯುತ್ತಮ ಡಿಜಿಟಲ್ ಡಿಸ್ಕನ್ನು ಜನ ಕೇಳಿದ್ದು ಆರು ಅನಲಾಗ್ ವಯರಿನಲ್ಲಿ.

ಹೆಚ್‌ಡಿಎಂಐ ಬಂದದ್ದು 2002ರ ಕೊನೆಗೆ. ಎಂಟು ಚಾನೆಲ್ಲನ್ನು ಹಿಂಡದೆ ಒಯ್ಯುವ ಶಕ್ತಿ ಅದಕ್ಕೆ ಹುಟ್ಟಿನಿಂದಲೇ ಇದೆ. ಅದಕ್ಕೇ ಅದು ಇದ್ದರೆ ಬೇರೆ ಯೋಚನೆ ಬೇಡ ಎಂದದ್ದು. ಅನಲಾಗ್ ಎಂದರೆ "ವಾರ್ಮ್" ಎನ್ನುವ ಎದುರು ಪಾರ್ಟಿಯವರ ಬಗ್ಗೆ ಒಂದೇ ಮಾತು: ವಯರಿಗೆ ಬಿಸಿ ತಂಪು ಇಲ್ಲ, ಇದ್ದರೆ ಅದು ಪ್ಲೇಯರಿನ ಚಿಪ್ಪಿನದ್ದು. ಇನ್ನು ಮಳೆಗಾಲದಲ್ಲಿ, ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ಕಡೆ, ಶೀಟಿನ ಮಾಡಿನ ಕೆಳಗೆ ಕೂತು 16 ಬಿಟ್ಟೋ 24 ಬಿಟ್ಟೋ ಎಂದು ಕೇಳುವವರಿಗೆ ನನ್ನ ನಮಸ್ಕಾರ.

ಆರು ವಯರ್ ಹಾಕಿದವರು ಅಲ್ಲಿಗೇ ಬಿಟ್ಟು "ಬೇಸೇ ಇಲ್ಲ ಸಾರ್" ಎಂದು ಬರೆಯಬೇಡಿ. ಆ ಇನ್‌ಪುಟ್‌ಗೆ ಬಂದದ್ದನ್ನು ಬಹಳಷ್ಟು ರಿಸೀವರ್‌ಗಳು ಮುಟ್ಟದೆ ಹಾಗೇ ಸ್ಪೀಕರಿಗೆ ಕೊಡುತ್ತವೆ. ರಿಸೀವರಿನಲ್ಲಿ ನೀವು ಮೊದಲು ಮಾಡಿಟ್ಟ ದೂರ, ಸ್ಪೀಕರ್ ಸೈಜು ಯಾವುದೂ ಲೆಕ್ಕಕ್ಕಿಲ್ಲ. ಪ್ಲೇಯರಿನ ಮೆನುಗೆ ಹೋಗಿ ಅದನ್ನೆಲ್ಲ ಮತ್ತೆ ಮಾಡಬೇಕು. ಸ್ಪೀಕರ್ ಎಷ್ಟೇ ದೊಡ್ಡದಾಗಿ ಕಂಡರೂ "ಸ್ಮಾಲ್" ಎಂದೇ ಇಡಿ, ಆಗ ಅದರ ಕೆಳಗಿನ ಬೇಸ್ ಸಬ್‌ವೂಫರಿಗೆ ಹೋಗುತ್ತದೆ. ಸಿನಿಮಾದ ಬೇಸ್ ಚಾನೆಲ್ಲನ್ನು ಬೇರೆ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಏರಿಸಿ ನುಡಿಸಬೇಕೆಂಬುದು ನಿಯಮ. ಆರು ಪಿನ್ನಿನ ದಾರಿಯಲ್ಲಿ ಈ 10 ಎಷ್ಟೋ ಸಲ ನಡುವೆ ಬಿದ್ದುಹೋಗುತ್ತದೆ. ಸಬ್‌ವೂಫರ್ ಲೆವೆಲ್ ಅಷ್ಟು ಏರಿಸಿ ನೋಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹನ್ನೆರಡೂ ಪಿನ್ ಕಿತ್ತು ಒರೆಸಿ ಹಾಕಿ. ನಮ್ಮ ಕಡೆಯ ತೇವಕ್ಕೆ ಕಿಲುಬು ಹಿಡಿದು, ಸೆಂಟರ್ ಸ್ಪೀಕರ್ ಸತ್ತಿತೆಂದು ರಿಪೇರಿಗೆ ಹೊತ್ತು ತರುವವರು ಬಹಳ.

ಆಪ್ಟಿಕಲ್ಲಿನವರು ನೋಡಬೇಕಾದದ್ದು ಎರಡು. ವಯರಿನ ತುದಿಯ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ತೆಗೆದಿರಾ? ನಗಬೇಡಿ, ತೆಗೆಯದವರು ಇದ್ದಾರೆ. ಎರಡನೆಯದು, ಟಿವಿಯ ಧ್ವನಿ ಸೆಟ್ಟಿಂಗ್. ಅದು ಪಿಸಿಎಂ (ಹಿಂಡದ ಧ್ವನಿ) ಎಂದಿದ್ದರೆ ಆಪ್ಟಿಕಲ್ಲಿನಲ್ಲಿ ಬರುವುದು ಎರಡೇ ಚಾನೆಲ್. ಬಿಟ್‌ಸ್ಟ್ರೀಮ್ (ಹಿಂಡಿದ್ದನ್ನು ಹಾಗೇ ಕಳಿಸುವುದು) ಎಂದೋ ಆಟೋ ಎಂದೋ ಮಾಡಬೇಕು. ಐದೂ ಸ್ಪೀಕರಿನಲ್ಲಿ ಸದ್ದು ಬಂತೆಂದು 5.1 ಆಯಿತು ಅಂದುಕೊಳ್ಳಬೇಡಿ. ಎರಡನ್ನೇ ಐದಕ್ಕೆ ಹಂಚಿ ನುಡಿಸುವುದು ಪ್ರೊಲಾಜಿಕ್ಕಿನ ಕೆಲಸ. ರಿಸೀವರಿನ ಮುಖದ ಮೇಲೆ ಡಾಲ್ಬಿ ಡಿಜಿಟಲ್ ಎಂದು ಬಂದಿದೆಯೋ ಪ್ರೊಲಾಜಿಕ್ ಎಂದು ಬಂದಿದೆಯೋ ಓದಿ.

ಅಸೆಂಬಲ್ 5.1 ಮಾಡಿಸಿಕೊಂಡವರಿಗೆ ಆರಿಸುವ ತಲೆನೋವೇ ಇಲ್ಲ. ಹೆಚ್ಚಿನವುಗಳಲ್ಲಿ ಹಿಂದೆ ಆರು ಪಿನ್ನಿರುತ್ತದೆ, ಒಳಗೆ ಹಿಂಡಿದ ಧ್ವನಿಯನ್ನು ಬಿಡಿಸುವ ಡಿಕೋಡರ್ ಇರುವುದಿಲ್ಲ. ಟಿವಿಯ ಆಪ್ಟಿಕಲ್ಲಿನಿಂದ ಅದಕ್ಕೆ ಬರಬೇಕೆಂದರೆ ನಡುವೆ ಒಂದು ಡಾಲ್ಬಿ-ಡಿಟಿಎಸ್ ಡಿಕೋಡರ್ ಪೆಟ್ಟಿಗೆ ಬೇಕು: ಒಂದು ಕಡೆ ಆಪ್ಟಿಕಲ್ ಒಳಗೆ, ಇನ್ನೊಂದು ಕಡೆ ಆರು ಪಿನ್ ಹೊರಗೆ.

ಯಾರೂ ಕೇಳದ ಒಂದು ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆಪ್ಟಿಕಲ್ಲಿಗೆ ಇರುವ ಒಂದೇ ಒಂದು ನಿಜವಾದ ಹೆಚ್ಚುಗಾರಿಕೆ ಅಲ್ಲಿದೆ. ಅಂಗಡಿಯವರು ಅದನ್ನು ಮಾತ್ರ ಹೇಳುವುದಿಲ್ಲ. ಅದರಲ್ಲಿ ಲೋಹವಿಲ್ಲ.

ಆಂಪ್ಲಿಫೈಯರ್ ಹಾಕಿದ ಕೂಡಲೆ ಗುಂಯ್ ಎನ್ನುತ್ತದಲ್ಲ, ಅದು ಬಹುಪಾಲು 50 ಹರ್ಟ್ಸ್‌ನ ಕರೆಂಟಿನ ಗುಂಗು. ಕೇಬಲ್ ಅಥವಾ ಡಿಶ್ಶಿನ ವಯರಿನ ಹೊರಕವಚ ಎಲ್ಲೋ ಒಂದು ಕಡೆ ಭೂಮಿಗೆ ತಾಗಿರುತ್ತದೆ, ನಿಮ್ಮ ಮನೆಯ ಅರ್ಥಿಂಗ್ ಇನ್ನೊಂದು ಕಡೆ. ಎರಡು ನೆಲದ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದರೂ ನಿಮ್ಮ ಎವಿ ವಯರಿನ ಕವಚದಲ್ಲಿ ಕರೆಂಟು ಹರಿದು ಸ್ಪೀಕರಿನಲ್ಲಿ ಕೇಳಿಸುತ್ತದೆ. ಪರೀಕ್ಷೆ ಸುಲಭ. ವಾಲ್ಯೂಮ್ ತಗ್ಗಿಸಿ, ಸೆಟ್‌ಟಾಪ್ ಬಾಕ್ಸಿನ ಹಿಂದಿನ ಡಿಶ್ ವಯರ್ ಬಿಚ್ಚಿ. ಗುಂಯ್ ನಿಂತರೆ ಕಳ್ಳ ಸಿಕ್ಕ. ಆಗ ಟಿವಿ ಮತ್ತು ರಿಸೀವರ್ ನಡುವೆ ಆಪ್ಟಿಕಲ್ ಹಾಕಿ, ಲೋಹದ ದಾರಿ ತುಂಡಾಗಿ ಸದ್ದು ನಿಲ್ಲುತ್ತದೆ. ಹೀಗೆ ನಿಂತದ್ದನ್ನೇ ಜನ "ಆಪ್ಟಿಕಲ್ಲಿನಲ್ಲಿ ಕ್ಲಿಯರ್" ಎಂದು ಊರೆಲ್ಲ ಹಬ್ಬಿಸಿದ್ದಿರಬೇಕು.

ದಯವಿಟ್ಟು ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಮಾತ್ರ ಮುರಿಯಬೇಡಿ. ಸದ್ದು ನಿಲ್ಲಬಹುದು, ಆದರೆ ಆಂಪ್ಲಿಫೈಯರಿನ ಡಬ್ಬಿಗೆ ಎಂದಾದರೂ ಲೈನ್ ತಾಗಿದರೆ ಅದು ನೆಲ ಸೇರುವುದು ನಿಮ್ಮ ಮೈಯ ಮೂಲಕ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ನೀರು ಹಾಕಿ; ಇದ್ದಲು ಉಪ್ಪು ಹಾಕಿ ಮುಚ್ಚಿ ಮರೆತರೆ ಅದು ಕೆಲಸ ಮಾಡುತ್ತಲೇ ಇರುತ್ತದೆ ಎಂದಲ್ಲ.

ಸಿಡಿಲಿಗೂ ಇದೇ ಲೋಹದ ದಾರಿ. ಏಪ್ರಿಲ್, ಮೇ ಸಂಜೆಗಳಲ್ಲಿ ಎಲ್ಲರೂ ಟಿವಿಯ ಪ್ಲಗ್ ಕೀಳುತ್ತಾರೆ, ಡಿಶ್ ವಯರ್ ಹಾಗೇ ಬಿಟ್ಟಿರುತ್ತಾರೆ. ಮಾಡಿನ ಮೇಲಿನ ತಟ್ಟೆಯಿಂದ ಬಾಕ್ಸಿಗೆ, ಬಾಕ್ಸಿನಿಂದ ಹೆಚ್‌ಡಿಎಂಐ ಹಿಡಿದು ಟಿವಿಗೆ, ಅಲ್ಲಿಂದ ಎವಿ ವಯರಿನಲ್ಲಿ ರಿಸೀವರಿಗೆ ಸರ್ಜ್ (ಸಿಡಿಲಿನ ಕರೆಂಟಿನ ಹೊಡೆತ) ನಡೆದುಕೊಂಡು ಹೋಗುತ್ತದೆ. ಮೊದಲು ಸಾಯುವುದು ಹೆಚ್ಚಾಗಿ ಹೆಚ್‌ಡಿಎಂಐ ಚಿಪ್ಪು. ಆಪ್ಟಿಕಲ್ ಇದ್ದರೆ ಆ ಸರಪಳಿ ಟಿವಿಗೇ ನಿಲ್ಲುತ್ತದೆ, ಆದರೆ ರಿಸೀವರಿನ ಪ್ಲಗ್ ಗೋಡೆಯಲ್ಲೇ ಇದ್ದರೆ ಆ ಕಡೆಯ ಬಾಗಿಲು ತೆರೆದೇ ಇರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಕಡಿಯುವುದು ಒಂದೇ ತಂತಿಯನ್ನು. ಎಲ್ಲ ಪ್ಲಗ್ಗೂ, ಡಿಶ್ ವಯರೂ, ತಾಮ್ರದ ಇಂಟರ್ನೆಟ್ ಲೈನಿದ್ದರೆ ಅದೂ ಹೊರಗೆ ಬರಬೇಕು. ಅದನ್ನೂ ಮೋಡ ಕಟ್ಟುವಾಗಲೇ ಮಾಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಡಿಶ್ ವಯರ್ ಹಿಡಿಯಲು ಹೋಗಬೇಡಿ.