ಮೂರು ತಿಂಗಳ ದುಡಿಮೆ, ಒಂದು ಸರ್ಟಿಫಿಕೇಟು: ಪಕ್ಷದ ಕಚೇರಿಗೆ 'ಇಂಟರ್ನ್' ಬಂದ ಕಥೆ

2024ರ ಲೋಕಸಭಾ ಚುನಾವಣೆಗೆ ಮುಂಚೆ ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಒಂದು ಪಕ್ಷದ ವಾರ್ ರೂಮ್‌ನಲ್ಲಿ, ಅಂದ್ರೆ ಚುನಾವಣೆ ಕೆಲಸ ನಡೆಸುವ ಕಚೇರಿಯಲ್ಲಿ, ಇಂಟರ್ನ್ ಆಗಿದ್ದ. ಯಾವ ಪಕ್ಷ ಅನ್ನೋದು ಬೇಡ ಬಿಡಿ. ಬೆಳಗ್ಗೆ ಆರಕ್ಕೆ ಎದ್ದು ಪತ್ರಿಕೆಗಳ ಜಿಲ್ಲಾ ಪುಟಗಳನ್ನು ತಿರುವಿ, ಕ್ಷೇತ್ರವಾರು ಸುದ್ದಿ ಆರಿಸಿ, ಎಂಟರೊಳಗೆ ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. ಆಮೇಲೆ ಮತದಾರರ ಪಟ್ಟಿ. ಒಂದೊಂದು ಬೂತಿನ ಹೆಸರುಗಳ ಮುಂದೆ ಎಕ್ಸೆಲ್‌ನಲ್ಲಿ ಎ, ಬಿ, ಸಿ ತುಂಬುವ ಕೆಲಸ. ಎ ಅಂದ್ರೆ ನಮ್ಮವರು, ಸಿ ಅಂದ್ರೆ ಅವರ ಕಡೆಯವರು, ಬಿ ಅಂದ್ರೆ ಇನ್ನೂ ಡೌಟು. ರಾತ್ರಿ ಒಂಬತ್ತಾದರೂ ಬಿ ಸಾಲು ಕರಗುತ್ತಿರಲಿಲ್ಲ.

ಸಂಬಳ ಇಲ್ಲ. ಬಸ್ ಚಾರ್ಜೂ ಇಲ್ಲ. ಮಧ್ಯಾಹ್ನ ಊಟ ಮಾತ್ರ ಚೆನ್ನಾಗಿತ್ತಂತೆ. ಪಿಜಿ ಬಾಡಿಗೆ ಭಾವ ಊರಿಂದ ಕಳಿಸುತ್ತಿದ್ದರು. ಕೊನೆಗೆ ದಪ್ಪ ಕಾಗದದ ಒಂದು ಸರ್ಟಿಫಿಕೇಟ್ ಸಿಕ್ಕಿತು. ಅದರಲ್ಲಿ ಅವನ ಹೆಸರಿನ ಒಂದು ಒತ್ತಕ್ಷರ ತಪ್ಪಾಗಿತ್ತು.

'ಇದರಲ್ಲಿ ಹೊಸದೇನಿದೆ? ಪಕ್ಷಕ್ಕೆ ದುಡಿಯೋದು ಯಾವಾಗಲೂ ಪುಕ್ಕಟೆ ಅಲ್ವಾ?' ಅಂತ ಭಾವನೇ ಕೇಳಿದರು. ಪ್ರಶ್ನೆ ಸರಿಯಾಗಿದೆ. ಉತ್ತರಕ್ಕೆ ನೂರು ವರ್ಷ ಹಿಂದೆ, ಹುಬ್ಬಳ್ಳಿಗೆ ಹೋಗಬೇಕು.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಡಾ. ಎನ್.ಎಸ್. ಹರ್ಡೀಕರ್ ಕಟ್ಟಿದ್ದ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರು ಅಲ್ಲಿಗೆ ಹೋಗಿ ಜೈಲು ಸೇರಿದರು. ಕ್ಷಮಾಪಣೆ ಬರೆದುಕೊಡಿ ಅಂದರೆ ಒಪ್ಪಲಿಲ್ಲ. ಈ ಶಿಸ್ತಿನ ಸುದ್ದಿ ಕಾಂಗ್ರೆಸ್ ನಾಯಕರ ಕಿವಿಗೆ ಬಿತ್ತು. ಅದೇ ಡಿಸೆಂಬರ್‌ನಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಮುಂದೆ ಹಿಂದೂಸ್ತಾನಿ ಸೇವಾ ದಳವಾಗಿ ಬೆಳೆದ ಸ್ವಯಂಸೇವಕರ ಸಂಘಟನೆ ಹುಟ್ಟಿತು. ನೆಹರು ಅದರ ಮೊದಲ ಅಧ್ಯಕ್ಷರು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನಕ್ಕೂ ಸ್ವಯಂಸೇವಕರೇ ಕೈಕಾಲು. ಯಾರೂ ಸಂಬಳ ಕೇಳಲಿಲ್ಲ, ಕೇಳುವ ಯೋಚನೆಯೂ ಬಂದಿರಲಿಕ್ಕಿಲ್ಲ.

ಆದರೆ ಆ ದುಡಿಮೆಯ ಋಣವನ್ನು ಯಾರೂ ಮರೆಯಲಿಲ್ಲ. 1972ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರುಮಾಡಿತು. ಸಾಮಾನ್ಯವಾಗಿ ಆರು ತಿಂಗಳು ಜೈಲಲ್ಲಿದ್ದವರಿಗೆ ತಿಂಗಳಿಗೆ 200 ರೂಪಾಯಿ. ತಡವಾಯಿತು, ದುಡ್ಡೂ ಸ್ವಲ್ಪವೇ. ಆದರೂ ನಿಮಗೆ ನಾವು ಕೊಡಬೇಕಾದ್ದು ಇದೆ ಅಂತ ದೇಶ ಒಪ್ಪಿಕೊಂಡ ಹಾಗಾಯಿತು.

ಸ್ವಾತಂತ್ರ್ಯದ ನಂತರ ಸ್ವಯಂಸೇವಕ ಕಾರ್ಯಕರ್ತನಾದ. ಕಮ್ಯುನಿಸ್ಟ್ ಪಕ್ಷಗಳು ಪೂರ್ಣಾವಧಿ ಕಾರ್ಯಕರ್ತರಿಗೆ ತಿಂಗಳಿಗಿಷ್ಟು ಅಂತ ಭತ್ಯೆ ಕೊಡುತ್ತಾ ಬಂದಿವೆ. ಆರೆಸ್ಸೆಸ್ ಪ್ರಚಾರಕರಿಗೆ ಸಂಬಳವಿಲ್ಲ, ಊಟ ವಸತಿ ಖರ್ಚು ಸಂಘಟನೆಯದ್ದು. ಉಳಿದ ಪಕ್ಷಗಳಲ್ಲಿ ಬಾವುಟ ಕಟ್ಟಿದವನಿಗೆ ಕೈಗೆ ಏನೂ ಬರುವುದಿಲ್ಲ, ಆದರೆ ಲೆಕ್ಕ ಬಾಕಿ ಇರುತ್ತದೆ. ಪಕ್ಷ ಗೆದ್ದರೆ ನಿಗಮ ಮಂಡಳಿ, ಆಶ್ರಯ ಸಮಿತಿ, ಪಂಚಾಯ್ತಿ ಟಿಕೆಟ್. 2025ರಲ್ಲಿ ಗ್ಯಾರಂಟಿ ಅನುಷ್ಠಾನ ಸಮಿತಿಗಳಲ್ಲಿ ಕಾರ್ಯಕರ್ತರಿಗೆ ಗೌರವಧನ ಕೊಡುವುದು ಸರಿಯಾ ಅಂತ ವಿಧಾನಸಭೆಯಲ್ಲಿ ಗಲಾಟೆ ಆಯಿತಲ್ಲ, ಅದೂ ಇದೇ ಹಳೇ ಬಾಕಿಯ ಜಗಳ. ಸರ್ಕಾರದ ದುಡ್ಡಲ್ಲಿ ಪಕ್ಷದ ಋಣ ತೀರಿಸುವುದು ನನಗೇನೂ ಹಿಡಿಸುವುದಿಲ್ಲ. ಆದರೂ 'ನಾನು ನಿಮಗಾಗಿ ಇಪ್ಪತ್ತು ವರ್ಷ ಮಣ್ಣು ಹೊತ್ತಿದೀನಿ' ಅಂತ ನಾಯಕನ ಮನೆ ಬಾಗಿಲಲ್ಲಿ ಕೂತು ಕೇಳುವ ಧೈರ್ಯ ಕಾರ್ಯಕರ್ತನಿಗೆ ಇತ್ತು. ಇಂಟರ್ನ್‌ಗೆ ಅದಿಲ್ಲ. ಅವನ ಲೆಕ್ಕ ಸರ್ಟಿಫಿಕೇಟ್ ಕೊಟ್ಟ ದಿನವೇ ಚುಕ್ತಾ.

ಈ ಬದಲಾವಣೆ ಯಾವಾಗ ಆಯಿತು? ನನ್ನ ಪ್ರಕಾರ ಎರಡು ಕಡೆಯಿಂದ ಬಂತು. ಒಂದು, ರಾಜಕೀಯಕ್ಕೆ ಹೋಗುವ ಹಳೇ ಬಾಗಿಲುಗಳು ಮುಚ್ಚಿದವು. 1980ರ ದಶಕದ ಕೊನೆಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಅಪ್ಪ ಮಾವ ರಾಜಕೀಯದಲ್ಲಿಲ್ಲದ ಹುಡುಗ ಭಾಷಣ ಕಲಿಯುತ್ತಿದ್ದ ಜಾಗ ಅದು. ಬೆಂಗಳೂರು ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರ್‌ಗೆ ಅದರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ.

ಇನ್ನೊಂದು, ಪ್ರಚಾರವೇ ಕಚೇರಿ ಕೆಲಸವಾಯಿತು. 2013ರ ಡಿಸೆಂಬರ್‌ನಲ್ಲಿ ಆಮ್ ಆದ್ಮಿ ಪಕ್ಷ ದೆಹಲಿಯ 70ರಲ್ಲಿ 28 ಸ್ಥಾನ ಗೆದ್ದಾಗ, ರಜೆ ಹಾಕಿ ದುಡಿದ ವಾಲಂಟಿಯರ್‌ಗಳ ಮಾತೇ ಎಲ್ಲೆಡೆ. ಅದೇ ವರ್ಷ ಚುನಾವಣಾ ತಂತ್ರಗಾರ ಪ್ರಶಾಂತ್ ಕಿಶೋರ್ 'ಸಿಟಿಜನ್ಸ್ ಫಾರ್ ಅಕೌಂಟಬಲ್ ಗವರ್ನೆನ್ಸ್' ಅನ್ನೋ ತಂಡ ಕಟ್ಟಿ, ಓದಿಕೊಂಡ ಹುಡುಗರನ್ನು ಮೋದಿ ಪ್ರಚಾರಕ್ಕೆ ಸೇರಿಸಿದರು. ಟೀ ಅಂಗಡಿಗಳಲ್ಲಿ ಜನರ ಜೊತೆ ಮೋದಿ ಮಾತಾಡುವ 'ಚಾಯ್ ಪೇ ಚರ್ಚಾ' ಹಿಂದೆ ಇದ್ದದ್ದು ಅವರೇ. ಅದೇ ತಂಡ 2015ರಲ್ಲಿ ಐ-ಪ್ಯಾಕ್ ಅನ್ನೋ ಚುನಾವಣಾ ಸಲಹಾ ಸಂಸ್ಥೆ ಆಗಿ ಬಿಹಾರದಲ್ಲಿ ನಿತೀಶ್ ಕಡೆ ಕೆಲಸ ಮಾಡಿತು. 2023ರಲ್ಲಿ ನಮ್ಮಲ್ಲಿ ಕಾಂಗ್ರೆಸ್ ಗೆದ್ದ ಮೇಲೆ ತಂತ್ರಗಾರ ಸುನಿಲ್ ಕನುಗೋಲು ಅವರಿಗೆ ಸಚಿವ ದರ್ಜೆಯ ಸ್ಥಾನವೇ ಸಿಕ್ಕಿತು. ಮೇಲೆ ಕೂತವರಿಗೆ ಫೀಸು, ಸ್ಥಾನಮಾನ. ಕೆಳಗೆ ಎಕ್ಸೆಲ್ ತುಂಬಲು ಕೈ ಬೇಕಲ್ಲ? ಅಷ್ಟರಲ್ಲಿ ಕಾಲೇಜುಗಳು ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದವು. ವಕೀಲಿ ಶಿಕ್ಷಣದ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಐದು ವರ್ಷದ ಲಾ ಓದುವವರು 20 ವಾರ ಮಾಡಲೇಬೇಕು. ಹುಡುಗರಿಗೆ ಸರ್ಟಿಫಿಕೇಟ್ ಬೇಕಿತ್ತು, ಪಕ್ಷಗಳಿಗೆ ಕೈ ಬೇಕಿತ್ತು.

ಕಾನೂನು ಏನನ್ನುತ್ತೆ? 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರಿದವನಿಗೆ ಸ್ಟೈಪೆಂಡ್ ಕೊಡಲೇಬೇಕು. ಆದರೆ ಆ ಕಾಯ್ದೆಯಡಿ ಒಪ್ಪಂದ ಆಗದೆ, ಸುಮ್ನೆ 'ಇಂಟರ್ನ್' ಅಂತ ಕರೆಸಿಕೊಂಡವನಿಗೆ ಅದು ಸಿಗುವುದಿಲ್ಲ. ಚುನಾವಣಾ ಖರ್ಚಿನ ಲೆಕ್ಕದಲ್ಲೂ ಅವನಿಲ್ಲ. ಲೋಕಸಭಾ ಅಭ್ಯರ್ಥಿಗೆ ದೊಡ್ಡ ರಾಜ್ಯಗಳಲ್ಲಿ 2022ರಿಂದ 95 ಲಕ್ಷದ ಮಿತಿ ಇದೆ, ಪಕ್ಷಕ್ಕೆ ಮಿತಿಯೇ ಇಲ್ಲ. ಚುನಾವಣೆ ಬಂದಾಗ ಜಿಲ್ಲಾಡಳಿತ ಒಂದು ದರಪಟ್ಟಿ ಮಾಡುತ್ತದೆ. ಟೀ, ತಿಂಡಿ, ಶಾಮಿಯಾನ, ಕುರ್ಚಿ ಬಾಡಿಗೆ, ಎಲ್ಲದಕ್ಕೂ ರೇಟು. ಪ್ರಚಾರಕ್ಕೆ ಬಂದವನು ತಿಂದ ತಿಂಡಿ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ಅವನು ಪುಕ್ಕಟೆ ಕೊಟ್ಟ ದಿನ ಎಲ್ಲೂ ಸೇರುವುದಿಲ್ಲ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಚುನಾವಣಾ ಕಾನೂನಿನಲ್ಲಿ ಸ್ವಯಂಸೇವಕನ ದುಡಿಮೆಯನ್ನು ದೇಣಿಗೆ ಅಂತ ಲೆಕ್ಕ ಹಾಕುವುದಿಲ್ಲ. 1995ರಲ್ಲಿ ಕಾರ್ಮಿಕ ಕಾನೂನುಗಳನ್ನು ಸಂಸತ್ತಿಗೂ ಅನ್ವಯ ಮಾಡಿದರು, ಕನಿಷ್ಠ ವೇತನದ ವಿಷಯದಲ್ಲಿ ಇಂಟರ್ನ್‌ಗಳನ್ನು ಮಾತ್ರ ಹೊರಗಿಟ್ಟರು. 2016ರಲ್ಲಿ 'ಪೇ ಅವರ್ ಇಂಟರ್ನ್ಸ್' ಸಂಘಟನೆ ಹುಟ್ಟಿ, ಯಾವ ಸಂಸದರು ಕೊಡುತ್ತಾರೆ, ಯಾರು ಕೊಡಲ್ಲ ಅಂತ ಪಟ್ಟಿ ಮಾಡಿ ಮಾನ ಕಳೆಯಿತು. 2018ರಲ್ಲಿ ಕೆಳಮನೆಗೆ 88 ಲಕ್ಷ ಡಾಲರ್, ಸೆನೆಟ್‌ಗೆ 50 ಲಕ್ಷ ಡಾಲರ್ ಇಂಟರ್ನ್ ಸಂಬಳಕ್ಕೆಂದೇ ಬಂತು. ಶ್ವೇತಭವನದ ಇಂಟರ್ನ್‌ಗಳಿಗೆ ದುಡ್ಡು ಸಿಕ್ಕಿದ್ದು 2022ರಲ್ಲಿ, ವಾರಕ್ಕೆ 750 ಡಾಲರ್.

ಇದಕ್ಕಿಂತ ಹಳೇ ಜಗಳ ಬ್ರಿಟನ್ನಿನದ್ದು. ಅಲ್ಲಿ ಸಂಸದರಿಗೇ ಸಂಬಳ ಇರಲಿಲ್ಲ. ಆಸ್ತಿವಂತರು ಮಾತ್ರ ಲಂಡನ್ನಿನಲ್ಲಿ ಉಳಿದು ಸದನಕ್ಕೆ ಬರಬಹುದಿತ್ತು. ಸಂಬಳ ಕೊಡಿ ಅಂತ ಚಾರ್ಟಿಸ್ಟರು, ಅಂದರೆ ಮತದಾನದ ಹಕ್ಕಿಗಾಗಿ ಹೋರಾಡಿದ ಕಾರ್ಮಿಕರು, 1838ರಲ್ಲೇ ಕೇಳಿದ್ದರು. ವರ್ಷಕ್ಕೆ 400 ಪೌಂಡ್ ಕೊಡಲು ಶುರುವಾದದ್ದು 1911ರಲ್ಲಿ. ಮಧ್ಯೆ 73 ವರ್ಷ. ನಮ್ಮ ಸಂವಿಧಾನದಲ್ಲಿ ಸಂಸದರ ಸಂಬಳಕ್ಕೆ 106ನೇ ವಿಧಿ, ಶಾಸಕರದ್ದಕ್ಕೆ 195ನೇ ವಿಧಿ ಮೊದಲ ದಿನದಿಂದಲೇ ಇವೆ. ಅಂದರೆ ಮೆಟ್ಟಿಲಿನ ತುದಿಯಲ್ಲಿ ಈ ಪ್ರಶ್ನೆ ಯಾವಾಗಲೋ ಬಗೆಹರಿದಿದೆ. ಬುಡದಲ್ಲಿ ಮಾತ್ರ ಬಾಕಿ.

ನಮ್ಮ ಹುಡುಗನಿಗೆ ಅಲ್ಲಿ ಕೆಲಸ ಬೇಜಾರಾಗಲಿಲ್ಲ ಅನ್ನೋದನ್ನೂ ಹೇಳಬೇಕು. ಒಂದು ಬೂತು ಹೇಗೆ ಗೆಲ್ಲುತ್ತೆ ಅಂತ ಈಗ ಅವನು ನನಗೇ ಪಾಠ ಮಾಡುತ್ತಾನೆ. ಮುಂದಿನ ಬ್ಯಾಚಿನ ಅರ್ಜಿ ಲಿಂಕ್ ಬಂದಾಗ ಸಿಂಧನೂರಿನ ತನ್ನ ಕ್ಲಾಸ್‌ಮೇಟ್‌ಗೆ ಕಳಿಸಿದ. ಇವನಿಗಿಂತ ಚುರುಕು ಆ ಹುಡುಗ, ಅಪ್ಪ ಹಮಾಲಿ ಕೆಲಸ ಮಾಡುತ್ತಾರೆ. ಹೆಸರು, ಕಾಲೇಜು, ಭಾಷೆ ಎಲ್ಲ ತುಂಬಿದನಂತೆ. ನಾಲ್ಕನೇ ಪ್ರಶ್ನೆ: 'ಬೆಂಗಳೂರಿನಲ್ಲಿ ಮೂರು ತಿಂಗಳು ಉಳಿಯಲು ಸ್ವಂತ ವ್ಯವಸ್ಥೆ ಇದೆಯೇ?' ಅವನು 'ಇಲ್ಲ' ಒತ್ತಿದ. ಮುಂದಿನ ಪುಟ ತೆರೆಯಲಿಲ್ಲ. 'ನಿಮ್ಮ ಆಸಕ್ತಿಗೆ ಧನ್ಯವಾದಗಳು' ಅಂತ ಬಂತು.